ಬೆಂಡು ಬಿಚ್ಚಿದ ಮೇಲೆ ದಡದಲ್ಲಿ ಯಾರು? ಅಮೆರಿಕದ ಶಾಲೆಗಳ ‘ಮಾನಿಟರಿಂಗ್’ ಪದ್ಧತಿಯ ಪರಿಚಯ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಮಕ್ಕಳ ಶಾಲೆಯಿಂದ ಬರುವ ಪತ್ರಗಳಲ್ಲಿ ಒಂದು ಸಾಕಷ್ಟು ಗೊಂದಲ ಹುಟ್ಟಿಸುತ್ತದೆ. ‘ನಿಮ್ಮ ಮಗು ಇಂಗ್ಲಿಷ್ ಭಾಷಾ ನೆರವಿನ ಕಾರ್ಯಕ್ರಮದಿಂದ ಹೊರಬಂದಿದೆ’ ಎಂದು ಆರಂಭವಾಗುವ ಆ ಪತ್ರ, ಮರುಸಾಲಿನಲ್ಲೇ ‘ಮುಂದಿನ ಕೆಲವು ವರ್ಷ ಮಗುವನ್ನು ಮಾನಿಟರ್ ಮಾಡಲಾಗುವುದು’ ಎನ್ನುತ್ತದೆ. ಮೊದಲ ಸಾಲಿಗೆ ಹಿಗ್ಗಿದ ತಂದೆತಾಯಿ ಎರಡನೆಯದಕ್ಕೆ ತಡವರಿಸುತ್ತಾರೆ. ಪಾಸಾದ ಮಗುವಿನ ಮೇಲೆ ಮತ್ತೇಕೆ ಕಣ್ಣು? ನಮ್ಮಲ್ಲಿ ಮಾನಿಟರ್ ಎಂದರೆ ಮೇಷ್ಟರು ಇಲ್ಲದಾಗ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಹುಡುಗ. ಆ ನೆನಪಿನಲ್ಲಿ ಓದಿದರೆ ಈ ಪದ ಇನ್ನಷ್ಟು ಅನುಮಾನ ತರುವುದು ಸಹಜ.

ಈ ವಿಷಯ ಈಗ ಸುದ್ದಿಯಾಗಿರುವುದಕ್ಕೆ ಕಾರಣವೂ ಇದೆ. 2025ರ ಮಾರ್ಚ್ 1ರಂದು ಹೊರಬಿದ್ದ ಅಧ್ಯಕ್ಷೀಯ ಆದೇಶವೊಂದು ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆಯೆಂದು ಘೋಷಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಬಗ್ಗೆ ಶಾಲೆಗಳ ಹೊಣೆ ಏನು ಎಂಬುದನ್ನು ವಿವರಿಸುವ 2015ರ ಮಾರ್ಗದರ್ಶಿ ಪತ್ರವನ್ನು ಕೇಂದ್ರ ಸರ್ಕಾರ ಹಿಂಪಡೆಯಿತು. ಇದರಿಂದ ಏನು ಬದಲಾಯಿತು, ಏನು ಹಾಗೆಯೇ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ ಇಡೀ ಪದ್ಧತಿಯನ್ನು ಬುಡದಿಂದ ನೋಡುವುದು ಒಳ್ಳೆಯದು.

ಪಟ್ಟಿಗೆ ಸೇರುವುದು ಹೇಗೆ

ಮಗುವನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಗಳ ನಡುವೆ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಎಂಬ ಪುಟ್ಟ ಹಾಳೆ ಇರುತ್ತದೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು ಎಂಬಂಥ ಎರಡು ಮೂರು ಪ್ರಶ್ನೆಗಳು ಅದರಲ್ಲಿರುತ್ತವೆ. ‘ಕನ್ನಡ’ ಎಂದು ಬರೆದ ಮಾತ್ರಕ್ಕೆ ಮಗುವಿಗೆ ಇಂಗ್ಲಿಷ್ ಬಾರದು ಎಂದು ಶಾಲೆ ತೀರ್ಮಾನಿಸುವುದಿಲ್ಲ. ಆ ಉತ್ತರದ ಆಧಾರದ ಮೇಲೆ ಮಗುವಿಗೊಂದು ಸಣ್ಣ ಪರೀಕ್ಷೆ ಕೊಡುತ್ತಾರೆ. ಅದರಲ್ಲಿ ನಿಗದಿತ ಮಟ್ಟ ಮುಟ್ಟದ ಮಗು ‘ಇಂಗ್ಲಿಷ್ ಲರ್ನರ್’, ಅಂದರೆ ಇಂಗ್ಲಿಷ್ ಕಲಿಕಾರ್ಥಿ ಎಂದು ದಾಖಲಾಗುತ್ತದೆ. ದಾಖಲೆಗಳಲ್ಲಿ ಇದನ್ನು ‘ಇಎಲ್’ ಎಂದು ಚಿಕ್ಕದಾಗಿಸುತ್ತಾರೆ. ಟೆಕ್ಸಾಸ್‌ನಲ್ಲಿ ಇದೇ ಮಕ್ಕಳನ್ನು ‘ಎಮರ್ಜೆಂಟ್ ಬೈಲಿಂಗ್ವಲ್’ ಎಂದು ಕರೆಯುತ್ತಾರೆ.

ಈ ದಾಖಲೆಯಿಂದ ಮಗುವಿಗೆ ಭಾಷಾ ನೆರವು ದೊರೆಯುತ್ತದೆ. ಕೆಲವು ಶಾಲೆಗಳಲ್ಲಿ ಪ್ರತ್ಯೇಕ ಅವಧಿಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಕೆಲವೆಡೆ ಭಾಷಾ ಶಿಕ್ಷಕರು ಸಾಮಾನ್ಯ ತರಗತಿಯೊಳಗೇ ಬಂದು ಜೊತೆಗೂಡುತ್ತಾರೆ. ಇನ್ನು ಕೆಲವೆಡೆ ಎರಡು ಭಾಷೆಗಳಲ್ಲಿ ಪಾಠ ನಡೆಯುತ್ತದೆ. 2021ರ ಶೈಕ್ಷಣಿಕ ವರ್ಷದ ಆರಂಭದ ಲೆಕ್ಕದಂತೆ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಇಂಥ ಮಕ್ಕಳು ಸುಮಾರು 53 ಲಕ್ಷ, ಅಂದರೆ ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 10.6ರಷ್ಟು. ಇವರಲ್ಲಿ ಮುಕ್ಕಾಲು ಪಾಲು ಸ್ಪ್ಯಾನಿಷ್ ಮನೆಮಾತಿನವರು. ಕನ್ನಡದ ಮಕ್ಕಳು ಈ ಸಾಗರದಲ್ಲಿ ಒಂದು ಬೊಗಸೆ ಮಾತ್ರ, ಆದರೆ ನಿಯಮ ಎಲ್ಲರಿಗೂ ಒಂದೇ.

ಹೊರಬರುವ ಹೊಸ್ತಿಲು

ಪಟ್ಟಿಯಲ್ಲಿರುವ ಪ್ರತಿ ಮಗುವೂ ವರ್ಷಕ್ಕೊಮ್ಮೆ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ ಬರೆಯಬೇಕು. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಅದು ಅಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಪರೀಕ್ಷೆಯ ಹೆಸರು ಎಲ್ಪ್ಯಾಕ್, ಟೆಕ್ಸಾಸ್‌ನಲ್ಲಿ ಟೆಲ್ಪಾಸ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ ನೆಲೆಗೊಂಡಿರುವ ‘ವಿಡಾ’ ಒಕ್ಕೂಟಕ್ಕೆ ಸೇರಿದ ಹಲವು ರಾಜ್ಯಗಳಲ್ಲಿ ‘ಆಕ್ಸೆಸ್’ ಎಂಬ ಪರೀಕ್ಷೆ ಇದೆ. ಆಕ್ಸೆಸ್‌ನಲ್ಲಿ ಅಂಕಗಳು 1.0ರಿಂದ 6.0ರವರೆಗೆ ಏರುತ್ತವೆ. ಒಟ್ಟು ಅಂಕದಲ್ಲಿ ಓದು ಮತ್ತು ಬರಹಕ್ಕೆ ತಲಾ ಶೇ 35, ಆಲಿಸುವಿಕೆ ಮತ್ತು ಮಾತಿಗೆ ತಲಾ ಶೇ 15 ಪಾಲಿದೆ. ಮಾತಿನಲ್ಲಿ ಚುರುಕಾಗಿರುವ ಮಗು ಕೂಡ ಈ ಪಟ್ಟಿಯಲ್ಲಿ ಹಲವು ವರ್ಷ ಉಳಿಯಲು ಈ ತೂಕದ ಹಂಚಿಕೆಯೂ ಒಂದು ಕಾರಣ.

ಹೊಸ್ತಿಲಿನ ಎತ್ತರ ಎಲ್ಲೆಡೆ ಒಂದೇ ಇಲ್ಲ. ಒಂದು ರಾಜ್ಯದಲ್ಲಿ 4.5 ಬಂದರೆ ಹೊರಬರಬಹುದು, ಮತ್ತೊಂದರಲ್ಲಿ 5.0 ಬೇಕು. ಒಂದು ರಾಜ್ಯದೊಳಗಿನ ಎಲ್ಲ ಶಾಲೆಗಳಿಗೂ ಒಂದೇ ಅಳತೆ ಇರಬೇಕು ಎಂದಷ್ಟೇ ಕೇಂದ್ರದ ಕಾನೂನು ಹೇಳುತ್ತದೆ. ಕ್ಯಾಲಿಫೋರ್ನಿಯಾ ಪರೀಕ್ಷೆಯ ಅಂಕದ ಜೊತೆಗೆ ಶಿಕ್ಷಕರ ಮೌಲ್ಯಮಾಪನ, ತಂದೆತಾಯಿಯ ಅಭಿಪ್ರಾಯ, ಇಂಗ್ಲಿಷ್ ಬಲ್ಲ ಅದೇ ವಯಸ್ಸಿನ ಮಕ್ಕಳೊಂದಿಗೆ ಮೂಲಭೂತ ಕೌಶಲಗಳ ಹೋಲಿಕೆ ಹೀಗೆ ನಾಲ್ಕು ಮಾನದಂಡಗಳನ್ನು ನೋಡುತ್ತದೆ. ಹೀಗೆ ಹೊರಬರುವುದನ್ನು ‘ಎಕ್ಸಿಟ್’ ಅಥವಾ ‘ರೀಕ್ಲಾಸಿಫಿಕೇಷನ್’ ಎನ್ನುತ್ತಾರೆ. ಹೊರಬಂದ ಮಗು ಅಂದಿನಿಂದ ‘ಮಾಜಿ ಇಎಲ್’. ಕ್ಯಾಲಿಫೋರ್ನಿಯಾದ ಅಂಕಪಟ್ಟಿಗಳಲ್ಲಿ ಕಾಣುವ ‘ಆರ್‌ಎಫ್‌ಇಪಿ’ ಎಂಬ ನಾಲ್ಕಕ್ಷರದ ಅರ್ಥವೂ ಹೆಚ್ಚುಕಡಿಮೆ ಇದೇ.

ಪಾಸಾದ ಮೇಲೂ ನಿಗಾ ಏಕೆ

ಹಳ್ಳಿಯ ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ವಿವರಿಸುವುದು ಸುಲಭ. ಕಲಿಯುವ ಹುಡುಗನ ಬೆನ್ನಿಗೆ ಮೊದಲು ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ನೀರಿಗಿಳಿಸುತ್ತಾರೆ. ಕೈಕಾಲು ಬಡಿಯುವುದು ಹದಕ್ಕೆ ಬಂದಿತು ಎನಿಸಿದ ದಿನ ಬೆಂಡು ಬಿಚ್ಚುತ್ತಾರೆ. ಆದರೆ ಬೆಂಡು ಬಿಚ್ಚಿದವರು ಆ ದಿನವೇ ಮನೆಗೆ ಹೋಗಿ ಮಲಗುವುದಿಲ್ಲ. ಕೆಲವು ದಿನ ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಾರೆ. ಹುಡುಗನಿಗೆ ಅದು ಶಿಕ್ಷೆಯೂ ಅಲ್ಲ, ಅವನ ಮೇಲಿನ ಅನುಮಾನವೂ ಅಲ್ಲ. ಬೆಂಡು ಬಿಚ್ಚಲು ತಾವು ಆರಿಸಿಕೊಂಡ ದಿನ ಸರಿಯಾಗಿತ್ತೇ ಎಂಬುದನ್ನು ಕಟ್ಟೆಯ ಮೇಲಿನವರು ಖಾತರಿ ಮಾಡಿಕೊಳ್ಳುತ್ತಿರುತ್ತಾರೆ. ಶಾಲೆಯ ನಿಗಾದ ಹುರುಳೂ ಇಷ್ಟೇ. ಪರೀಕ್ಷೆಗೆ ಒಳಗಾಗುವುದು ಮಗುವಿಗಿಂತ ಹೆಚ್ಚಾಗಿ ಶಾಲೆ ಕೈಗೊಂಡ ತೀರ್ಮಾನ.

ತೀರ್ಮಾನ ತಪ್ಪಾಗುವ ಸಾಧ್ಯತೆ ಎಲ್ಲಿಂದ ಬರುತ್ತದೆ? ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ನೆರವಾಗುತ್ತದೆ. ಆಟದ ಬಯಲಿನಲ್ಲಿ, ಊಟದ ಮೇಜಿನಲ್ಲಿ, ಬಸ್ಸಿನಲ್ಲಿ ಆಡುವ ಮಾತಿನ ಭಾಷೆ ಒಂದು. ಪಾಠ ಓದಿ, ಕಾರಣ ಹುಡುಕಿ, ಉತ್ತರ ಬರೆಯಲು ಬೇಕಾದ ಭಾಷೆ ಇನ್ನೊಂದು. ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಕೈಗೂಡುತ್ತದೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂಬುದು ಅವರ ಅಂದಾಜು. ಈ ವಿಂಗಡಣೆ ತೀರಾ ಗೆರೆ ಎಳೆದಂತಿದೆ ಎಂಬ ಆಕ್ಷೇಪಗಳು ವಿದ್ವಾಂಸರಲ್ಲಿ ಇವೆಯಾದರೂ, ಶಾಲೆಗಳ ದಿನನಿತ್ಯದ ವ್ಯವಹಾರದಲ್ಲಿ ಇದು ಗಟ್ಟಿಯಾಗಿ ಬೇರೂರಿದೆ.

ಕನ್ನಡದಲ್ಲೇ ಇದಕ್ಕೆ ಉದಾಹರಣೆ ಸಿಗುತ್ತದೆ. ಬೀದಿಯಲ್ಲಿ ಪಟಪಟನೆ ಕನ್ನಡ ಆಡುವ ಮಗುವಿಗೂ ‘ದ್ಯುತಿಸಂಶ್ಲೇಷಣೆ’, ‘ದ್ರವ್ಯರಾಶಿ’ ಎಂಬ ಪದಗಳನ್ನು ಪಾಠದಲ್ಲಿ ಹೊಸದಾಗಿಯೇ ಕಲಿಯಬೇಕು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಈ ಅನುಭವ ಇನ್ನೂ ಚೆನ್ನಾಗಿ ಗೊತ್ತು: ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಆದರೂ ಭೌತಶಾಸ್ತ್ರದ ಮೊದಲ ವಾರ ಗೊತ್ತಿದ್ದ ಸಂಗತಿಗಳೇ ಗುರುತು ಸಿಗದಂತೆ ಎದುರು ನಿಂತಿದ್ದವು.

ಇಂಗ್ಲಿಷಿನಲ್ಲಿ ಮತ್ತೊಂದು ತೊಡಕಿದೆ. ಮಗುವಿಗೆ ಚೆನ್ನಾಗಿ ಗೊತ್ತಿರುವ ಪದವೇ ತರಗತಿಯಲ್ಲಿ ಬೇರೆ ಅರ್ಥ ತಾಳುತ್ತದೆ. ‘ಟೇಬಲ್’ ಎಂದರೆ ಊಟದ ಮೇಜು ಎಂದು ಕಲಿತ ಮಗು, ವಿಜ್ಞಾನದ ಪುಸ್ತಕದಲ್ಲಿ ಅಂಕಿಗಳ ಕೋಷ್ಟಕವನ್ನು ಅದೇ ಹೆಸರಿನಲ್ಲಿ ನೋಡುತ್ತದೆ. ‘ವಾಲ್ಯೂಮ್’ ಟಿ.ವಿ.ಯ ಸದ್ದಲ್ಲ, ಗಾತ್ರ. ‘ಪ್ರಾಡಕ್ಟ್’ ಅಂಗಡಿಯ ಸರಕಲ್ಲ, ಗುಣಲಬ್ಧ. ಪದ ಗೊತ್ತಿಲ್ಲದ ಮಗು ಕೈ ಎತ್ತಿ ಕೇಳುತ್ತದೆ. ಗೊತ್ತಿದೆ ಎಂದುಕೊಂಡ ಮಗು ಕೇಳುವುದೇ ಇಲ್ಲ. ಹೊರಬಂದ ಮಕ್ಕಳ ತೊಂದರೆ ಬೇಗ ಬಯಲಾಗದಿರುವುದಕ್ಕೆ ಇದೊಂದು ಸಣ್ಣ, ಆದರೆ ನಿಜವಾದ ಕಾರಣ.

ಇದರ ಮೇಲೆ, ನೀರಿನ ಆಳ ನಿಂತಲ್ಲೇ ನಿಂತಿರುವುದಿಲ್ಲ. ಮೂರನೆಯ ತರಗತಿಯಲ್ಲಿ ಹೊರಬಂದ ಮಗು ಆ ತರಗತಿಯ ಭಾಷೆಯನ್ನು ಗೆದ್ದಿದೆ ಎಂದು ಪರೀಕ್ಷೆ ಹೇಳಬಲ್ಲದು. ಆರನೆಯ ತರಗತಿಗೆ ಬರುವ ಹೊತ್ತಿಗೆ ಕಥೆಗಳ ಬದಲು ಮಾಹಿತಿಯ ಪುಟಗಳು, ಒಂದೊಂದು ವಾಕ್ಯದಲ್ಲಿ ಮೂರು ಮೂರು ಉಪವಾಕ್ಯಗಳು, ‘ಲೇಖಕರ ವಾದವನ್ನು ಆಧಾರಸಹಿತ ವಿಶ್ಲೇಷಿಸಿ’ ಎಂಬಂಥ ಪ್ರಶ್ನೆಗಳು ಬರುತ್ತವೆ. ಅಂದು ಪಡೆದ ಅಂಕ ಸುಳ್ಳಾಗಿರುವುದಿಲ್ಲ. ಅದು ಅಂದಿನ ಆಳಕ್ಕೆ ಪಡೆದ ಅಂಕವಾಗಿರುತ್ತದೆ.

ಎರಡು ವರ್ಷವೋ, ನಾಲ್ಕು ವರ್ಷವೋ: ಕಾನೂನಿನ ಹಿನ್ನೆಲೆ

ಈ ಹೊಣೆ ಶಾಲೆಗಳ ಔದಾರ್ಯದಿಂದ ಹುಟ್ಟಿದ್ದಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಭಾಗವು, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ ಅಥವಾ ರಾಷ್ಟ್ರೀಯ ಮೂಲದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದಿತು. ಹತ್ತು ವರ್ಷಗಳ ಬಳಿಕ, 1974ರ ಜನವರಿಯಲ್ಲಿ, ‘ಲಾವ್ ವಿರುದ್ಧ ನಿಕೋಲ್ಸ್’ ಎಂಬ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಯಾವುದೇ ಭಾಷಾ ನೆರವು ಸಿಕ್ಕಿರಲಿಲ್ಲ. ಎಲ್ಲರಿಗೂ ಅದೇ ಕಟ್ಟಡ, ಅದೇ ಪುಸ್ತಕ, ಅದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗದು, ಪಾಠದ ಭಾಷೆಯೇ ಅರ್ಥವಾಗದ ಮಗುವಿಗೆ ಶಿಕ್ಷಣದ ಬಾಗಿಲು ಮುಚ್ಚಿದಂತೆಯೇ ಸರಿ ಎಂಬುದು ಆ ತೀರ್ಪಿನ ಸಾರ. ಅದೇ ವರ್ಷ ಸಂಸತ್ತು ಸಮಾನ ಶೈಕ್ಷಣಿಕ ಅವಕಾಶಗಳ ಕಾಯ್ದೆಯನ್ನು ಜಾರಿಗೆ ತಂದು, ಭಾಷೆಯ ಅಡ್ಡಿಯನ್ನು ನಿವಾರಿಸಲು ಶಾಲೆಗಳು ತಕ್ಕ ಕ್ರಮ ಕೈಗೊಳ್ಳಲೇಬೇಕೆಂದು ವಿಧಿಸಿತು.

ಆದರೆ ‘ತಕ್ಕ ಕ್ರಮ’ ಎಂದರೇನು? ಇದಕ್ಕೆ ಉತ್ತರ ಸಿಕ್ಕಿದ್ದು 1981ರಲ್ಲಿ, ಟೆಕ್ಸಾಸ್‌ನ ರೇಮಂಡ್‌ವಿಲ್ ಎಂಬ ಊರಿನ ಶಾಲಾ ಜಿಲ್ಲೆಯ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ) ವಿರುದ್ಧದ ‘ಕಾಸ್ಟನ್ಯೆಡಾ ವಿರುದ್ಧ ಪಿಕಾರ್ಡ್’ ಪ್ರಕರಣದಲ್ಲಿ. ಮೇಲ್ಮನವಿ ನ್ಯಾಯಾಲಯ ಮೂರು ಪ್ರಶ್ನೆಗಳನ್ನು ಮುಂದಿಟ್ಟಿತು. ಶಾಲೆ ಆರಿಸಿಕೊಂಡ ಕಾರ್ಯಕ್ರಮಕ್ಕೆ ಶೈಕ್ಷಣಿಕವಾಗಿ ಗಟ್ಟಿ ತಳಹದಿ ಇದೆಯೇ? ಅದನ್ನು ನಡೆಸಲು ಬೇಕಾದ ಶಿಕ್ಷಕರು, ಸಲಕರಣೆಗಳು ಇವೆಯೇ? ಕೆಲಕಾಲ ನಡೆಸಿದ ಮೇಲೆ ಭಾಷೆಯ ಅಡ್ಡಿ ನಿಜವಾಗಿ ನಿವಾರಣೆಯಾಗುತ್ತಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಕಾರ್ಯಕ್ರಮದಿಂದ ಹೊರಬಂದ ಮಕ್ಕಳು ಮುಂದೆ ಹೇಗಿದ್ದಾರೆ ಎಂದು ನೋಡದೆ ದಾರಿಯಿಲ್ಲ. ನಿಗಾದ ಬೇರು ಇರುವುದು ಇಲ್ಲಿ.

ಅವಧಿಯ ವಿಷಯದಲ್ಲಿ ಜನ ಎಡವುವುದು ಹೆಚ್ಚು, ಏಕೆಂದರೆ ಎರಡು ಬೇರೆ ಬೇರೆ ಲೆಕ್ಕಗಳು ಒಂದರ ಮೇಲೊಂದು ಕುಳಿತಿವೆ. ಕೇಂದ್ರ ಸರ್ಕಾರದ ನ್ಯಾಯ ಮತ್ತು ಶಿಕ್ಷಣ ಇಲಾಖೆಗಳು 2015ರ ಜನವರಿಯಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗದರ್ಶಿ ಪತ್ರ, ಹೊರಬಂದ ಪ್ರತಿ ಮಗುವಿನ ಮೇಲೆ ಕನಿಷ್ಠ ಎರಡು ವರ್ಷ ನಿಗಾ ಇರಬೇಕು ಎಂದಿತ್ತು. ಮಗು ಅವಧಿಗೆ ಮುಂಚೆ ಹೊರಬಂದಿಲ್ಲವೇ, ಹೊರಬರುವ ಮೊದಲು ಉಂಟಾದ ಕಲಿಕೆಯ ಕೊರತೆ ತುಂಬಿದೆಯೇ, ಸಾಮಾನ್ಯ ತರಗತಿಯಲ್ಲಿ ಇತರರ ಸಮಕ್ಕೆ ಭಾಗವಹಿಸುತ್ತಿದೆಯೇ ಎಂದು ನೋಡುವುದು ಅದರ ಉದ್ದೇಶ. ಇದು ಒಂದೊಂದು ಮಗುವಿನ ಲೆಕ್ಕ. ಅದೇ ವರ್ಷದ ಡಿಸೆಂಬರಿನಲ್ಲಿ ಜಾರಿಗೆ ಬಂದ ‘ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಇನ್ನೊಂದು ಲೆಕ್ಕ ಕೇಳುತ್ತದೆ: ಭಾಷಾ ನೆರವಿಗೆಂದು ಕೇಂದ್ರದ ಹಣ ಪಡೆಯುವ ಶಾಲಾ ಜಿಲ್ಲೆಗಳು, ಮಾಜಿ ಇಎಲ್ ಮಕ್ಕಳಲ್ಲಿ ಎಷ್ಟು ಮಂದಿ ರಾಜ್ಯದ ಶೈಕ್ಷಣಿಕ ಮಟ್ಟ ಮುಟ್ಟಿದ್ದಾರೆ ಎಂಬುದನ್ನು ಹೊರಬಂದ ನಂತರದ ನಾಲ್ಕು ವರ್ಷಗಳಲ್ಲಿ ಪ್ರತಿ ವರ್ಷಕ್ಕೂ ವರದಿ ಮಾಡಬೇಕು. ಹಿಂದಿನ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಲ್ಲಿ ಈ ಅವಧಿ ಎರಡೇ ವರ್ಷವಿತ್ತು. ಹಾಗಾಗಿ ಎರಡು ವರ್ಷ ಕಟ್ಟೆಯ ಮೇಲೆ ಕೂತು ನೋಡುವುದು, ನಾಲ್ಕು ವರ್ಷ ಪುಸ್ತಕದಲ್ಲಿ ಲೆಕ್ಕ ಬರೆದಿಡುವುದು ಎಂದು ಸರಳವಾಗಿ ಹೇಳಬಹುದು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು ಎರಡನ್ನೂ ನಾಲ್ಕು ವರ್ಷಕ್ಕೆ ಸಮ ಮಾಡಿಕೊಂಡಿವೆ.

2025ರಲ್ಲಿ ಹಿಂಪಡೆದದ್ದು ಮಾರ್ಗದರ್ಶಿ ಪತ್ರವನ್ನು. ಅಂಥ ಪತ್ರ ಕಾನೂನಲ್ಲ. ಕಾನೂನನ್ನು ಸರ್ಕಾರ ಹೇಗೆ ಓದುತ್ತದೆ ಎಂದು ಶಾಲೆಗಳಿಗೆ ತಿಳಿಸುವ ವಿವರಣೆ. ವಿವರಣೆ ಹೋದರೂ 1964ರ ಮತ್ತು 1974ರ ಕಾಯ್ದೆಗಳು, ಸುಪ್ರೀಂ ಕೋರ್ಟಿನ ತೀರ್ಪು, ನಾಲ್ಕು ವರ್ಷಗಳ ವರದಿಯ ನಿಯಮ ಹಾಗೂ ರಾಜ್ಯಗಳ ಸ್ವಂತ ಕಾನೂನುಗಳು ಅದರೊಂದಿಗೆ ಹೋಗಲಿಲ್ಲ. ಆದರೆ ಶಾಲೆ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಪೋಷಕರಿಗೂ ಶಿಕ್ಷಕರಿಗೂ ಇದ್ದ ಒಂದು ಕೈಪಿಡಿ ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ.

ನಿಗಾ ಇಡುವುದೆಂದರೆ ಏನು ಮಾಡುವುದು

ತರಗತಿಯ ಹಿಂದಿನ ಬೆಂಚಿನಲ್ಲಿ ಯಾರೋ ಕೂತು ಮಗುವನ್ನೇ ದಿಟ್ಟಿಸುತ್ತಾರೆ ಎಂಬ ಚಿತ್ರ ಮನಸ್ಸಿನಲ್ಲಿದ್ದರೆ ಅದನ್ನು ಬಿಡಬಹುದು. ನಿಗಾದ ಬಹುಪಾಲು ಕೆಲಸ ನಡೆಯುವುದು ಕಾಗದದ ಮೇಲೆ, ಈಗೀಗ ಕಂಪ್ಯೂಟರಿನ ಮೇಲೆ. ಅನೇಕ ಮಕ್ಕಳಿಗೆ ತಮ್ಮ ಮೇಲೆ ನಿಗಾ ಇತ್ತು ಎಂಬುದೇ ತಿಳಿದಿರುವುದಿಲ್ಲ.

ಟೆಕ್ಸಾಸ್‌ನಲ್ಲಿ ಈ ಹೊಣೆ ‘ಎಲ್‌ಪ್ಯಾಕ್’ ಎಂದು ಕರೆಯುವ ಭಾಷಾ ಪ್ರಾವೀಣ್ಯ ಸಮಿತಿಯದು. (ಕ್ಯಾಲಿಫೋರ್ನಿಯಾದ ಪರೀಕ್ಷೆಯ ಹೆಸರೂ ಕಿವಿಗೆ ಹೀಗೆಯೇ ಕೇಳುವುದರಿಂದ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದ ಕುಟುಂಬಗಳು ಗಲಿಬಿಲಿಯಾಗಬೇಕಿಲ್ಲ, ಒಂದು ಪರೀಕ್ಷೆ, ಇನ್ನೊಂದು ಸಮಿತಿ.) ಮಗು ಹೊರಬಂದ ಮೊದಲ ಎರಡು ವರ್ಷಗಳಲ್ಲಿ ಯಾವುದಾದರೂ ಅಂಕಾವಧಿಯಲ್ಲಿ ಮುಖ್ಯ ವಿಷಯವೊಂದರಲ್ಲಿ ಅನುತ್ತೀರ್ಣವಾದರೆ ಸಮಿತಿ ಅದರ ಕಡತ ತೆರೆಯಬೇಕು ಎಂದು ಅಲ್ಲಿನ ಶಿಕ್ಷಣ ಸಂಹಿತೆ ಹೇಳುತ್ತದೆ. ಕಾರ್ಯಕ್ರಮದಲ್ಲಿ ಮಗು ಎಷ್ಟು ಕಾಲ ಇತ್ತು, ಪ್ರತಿ ಅವಧಿಯ ಅಂಕಗಳೇನು, ರಾಜ್ಯದ ಪರೀಕ್ಷೆಗಳಲ್ಲಿ ಹೇಗೆ ಮಾಡಿದೆ, ಪ್ರೌಢಶಾಲೆಯ ವಿದ್ಯಾರ್ಥಿಯಾದರೆ ಪದವಿಗೆ ಬೇಕಾದ ಕ್ರೆಡಿಟ್‌ಗಳು ಎಷ್ಟು ಸೇರಿವೆ, ಶಿಸ್ತಿನ ಕ್ರಮಗಳೇನಾದರೂ ನಡೆದಿವೆಯೇ ಎಂಬುದನ್ನೆಲ್ಲ ಸಮಿತಿ ಪರಿಗಣಿಸಬೇಕು. ಭಾಷೆಯ ವಿಚಾರದಲ್ಲಿ ಶಿಸ್ತಿನ ಮಾತೇಕೆ ಎಂದು ಅಚ್ಚರಿಯಾಗಬಹುದು. ಪಾಠ ಅರ್ಥವಾಗದ ಮಗು ತಂಟೆಗೆ ಇಳಿಯುವುದನ್ನು ಕಂಡ ಶಿಕ್ಷಕರಿಗೆ ಅದರ ಕಾರಣ ಗೊತ್ತು.

ನ್ಯೂಯಾರ್ಕ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಹೊರಬಂದ ಮಗುವನ್ನು ಬರಿದೆ ನೋಡುತ್ತಿದ್ದರೆ ಸಾಲದು. ಎರಡು ವರ್ಷಗಳ ಕಾಲ ವಾರಕ್ಕೆ 90 ನಿಮಿಷಕ್ಕೆ ಸಮನಾದ ನೆರವು ಮುಂದುವರಿಯಬೇಕು, ಪರೀಕ್ಷೆಗಳಲ್ಲಿ ಕೊಡುವ ಕೆಲವು ಸವಲತ್ತುಗಳೂ ಆ ಅವಧಿಗೆ ಉಳಿಯುತ್ತವೆ. ಬೇರೆ ಹಲವು ಕಡೆ, ಭಾಷಾ ಶಿಕ್ಷಕರು ತರಗತಿ ಶಿಕ್ಷಕರಿಗೆ ವರ್ಷಕ್ಕೆ ಎರಡೋ ನಾಲ್ಕೋ ಬಾರಿ ಒಂದು ನಮೂನೆ ಕಳುಹಿಸಿ ತುಂಬಿಸಿಕೊಳ್ಳುವುದು ರೂಢಿ. ಮಗು ಚರ್ಚೆಯಲ್ಲಿ ಮಾತನಾಡುತ್ತದೆಯೇ, ಸೂಚನೆಗಳನ್ನು ಪುನಃ ಹೇಳಿಸಿಕೊಳ್ಳುತ್ತದೆಯೇ, ಬರಹದಲ್ಲಿ ಯೋಚನೆಯನ್ನು ಜೋಡಿಸಬಲ್ಲದೇ ಎಂಬ ಪ್ರಶ್ನೆಗಳು ಅದರಲ್ಲಿರುತ್ತವೆ. ಈ ನಮೂನೆಯೇ ಪದ್ಧತಿಯ ಬಲ, ಇದೇ ಅದರ ದೌರ್ಬಲ್ಯ ಕೂಡ. ನಿಧಾನವಾಗಿ ಯೋಚಿಸಿ ತುಂಬಿದರೆ ಅಂಕಪಟ್ಟಿ ಹೇಳದ್ದನ್ನು ಅದು ಹೇಳುತ್ತದೆ. ಗಡುವಿನ ಹಿಂದಿನ ಸಂಜೆ ಮೂವತ್ತು ಮಕ್ಕಳಿಗೆ ಒಟ್ಟಿಗೆ ‘ಸರಿ’ ಗುರುತು ಹಾಕಿದರೆ ಕಡತ ಮಾತ್ರ ಭರ್ತಿಯಾಗುತ್ತದೆ.

ಕಾರಣ ಭಾಷೆಯೋ, ಬೇರೆಯೋ

ನಿಗಾದಲ್ಲಿ ನಿಜವಾದ ಕಷ್ಟ ತೊಂದರೆಯನ್ನು ಗುರುತಿಸುವುದರಲ್ಲಿಲ್ಲ, ಅದರ ಕಾರಣವನ್ನು ಬಿಡಿಸುವುದರಲ್ಲಿದೆ. ಅಂಕ ಇಳಿಯಿತು ಎಂಬುದು ಜ್ವರ ಬಂದಿದೆ ಎಂದಂತೆ. ಯಾವ ಜ್ವರ ಎಂದು ತಿಳಿಯದೆ ಔಷಧ ಕೊಡಲಾಗದು.

ಐದನೆಯ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಗಣಿತದಲ್ಲಿ ಅವಳ ಅಂಕ ಕುಸಿದಿದೆ. ಉತ್ತರಪತ್ರಿಕೆ ತೆಗೆದು ನೋಡಿದರೆ ಭಿನ್ನರಾಶಿಗಳ ಕೂಡಿಸುವ ಕಳೆಯುವ ಲೆಕ್ಕಗಳೆಲ್ಲ ಸರಿ, ವಾಕ್ಯರೂಪದ ಲೆಕ್ಕಗಳು ಮಾತ್ರ ತಪ್ಪು. ‘ರವಿಯ ಬಳಿ ಇರುವುದಕ್ಕಿಂತ ಮೂರು ಕಡಿಮೆ’ ಎಂಬರ್ಥದ ವಾಕ್ಯದಲ್ಲಿ ಯಾವುದರಿಂದ ಯಾವುದನ್ನು ಕಳೆಯಬೇಕೆಂದು ಅವಳಿಗೆ ಹೊಳೆದಿಲ್ಲ. ಇಲ್ಲಿ ತೊಡಕು ಭಾಷೆಯದು. ಅವಳ ಪಕ್ಕದ ಹುಡುಗ, ಅವನೂ ಮಾಜಿ ಇಎಲ್, ಎರಡೂ ಬಗೆಯ ಲೆಕ್ಕಗಳಲ್ಲಿ ತಪ್ಪಿದ್ದಾನೆ. ಆದರೆ ಓದು, ಸಮಾಜ, ವಿಜ್ಞಾನದಲ್ಲಿ ಚೆನ್ನಾಗಿದ್ದಾನೆ. ಅವನಿಗೆ ಬೇಕಿರುವುದು ಗಣಿತದ ನೆರವು. ಅವನ ಅಂಕವನ್ನು ನೋಡಿ ಇಂಗ್ಲಿಷ್ ತರಗತಿಗೆ ಕಳುಹಿಸಿದರೆ ಅವನ ಹೊತ್ತೂ ಹಾಳು, ಮನಸ್ಸೂ ಮುದುಡುತ್ತದೆ. ಮೂರನೆಯ ಮಗುವಿನ ಅಂಕಗಳು ಎಲ್ಲ ವಿಷಯಗಳಲ್ಲೂ ಒಂದೇ ಬಾರಿಗೆ ಬಿದ್ದಿದ್ದರೆ, ಮನೆಯಲ್ಲಿ ಏನಾದರೂ ನಡೆದಿದೆಯೇ, ಗೈರುಹಾಜರಿ ಹೆಚ್ಚಿದೆಯೇ, ಕಣ್ಣು ಕಿವಿ ಸರಿಯಿವೆಯೇ ಎಂದು ಮೊದಲು ವಿಚಾರಿಸಬೇಕಾಗುತ್ತದೆ.

ಕಲಿಕೆಯ ನ್ಯೂನತೆಯ ವಿಚಾರ ಇನ್ನೂ ಸೂಕ್ಷ್ಮ. ಡಿಸ್ಲೆಕ್ಸಿಯಾದಂತಹ ತೊಂದರೆ ಇರುವ ಮಗುವಿಗೆ ‘ಇಂಗ್ಲಿಷ್ ಇನ್ನೂ ಬಂದಿಲ್ಲ, ಬರುತ್ತದೆ’ ಎಂದು ವರ್ಷಗಟ್ಟಲೆ ಕಾಯಿಸಿದ ಉದಾಹರಣೆಗಳೂ ಇವೆ, ಬರೀ ಭಾಷೆಯ ಕಾರಣಕ್ಕೆ ಹಿಂದೆ ಬಿದ್ದ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಹಚ್ಚಿದ ಉದಾಹರಣೆಗಳೂ ಇವೆ. ಒಂದೇ ಅಂಕದಿಂದ ಯಾವುದನ್ನೂ ತೀರ್ಮಾನಿಸದೆ ಬರಹದ ಮಾದರಿ, ಶಿಕ್ಷಕರ ಮಾತು, ಮನೆಭಾಷೆಯಲ್ಲಿ ಮಗುವಿನ ಸಾಮರ್ಥ್ಯ ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕೆಂಬ ಸೂಚನೆ ಬಂದಿರುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ಕಥೆಯನ್ನು ಓರಣವಾಗಿ ಹೇಳಬಲ್ಲ ಮಗು ಇಂಗ್ಲಿಷಿನಲ್ಲಿ ತಡವರಿಸುವುದಕ್ಕೂ, ಎರಡೂ ಭಾಷೆಗಳಲ್ಲಿ ತಡವರಿಸುವುದಕ್ಕೂ ಅಜಗಜಾಂತರವಿದೆ. ಈ ಮಾಹಿತಿ ಶಾಲೆಯ ಬಳಿ ಇರುವುದಿಲ್ಲ, ಮನೆಯವರ ಬಳಿ ಮಾತ್ರ ಇರುತ್ತದೆ.

ಮತ್ತೆ ಪಟ್ಟಿಗೆ ಸೇರಿಸಬಹುದೇ

ಸೇರಿಸಬಹುದು, ಆದರೆ ಅದು ಮೊದಲ ಮದ್ದಲ್ಲ. ಸಾಮಾನ್ಯವಾಗಿ ಶಾಲೆ ಸಣ್ಣ ಗುಂಪಿನ ಪಾಠ, ಶಾಲೆಯ ನಂತರದ ಅಭ್ಯಾಸ, ತರಗತಿ ಶಿಕ್ಷಕರು ಪಾಠ ಹೇಳುವ ಕ್ರಮದಲ್ಲಿ ಬದಲಾವಣೆ ಇವುಗಳಿಂದ ಆರಂಭಿಸುತ್ತದೆ. ಅದರಿಂದ ಪ್ರಯೋಜನವಾಗದೆ, ತೊಡಕಿಗೆ ಇಂಗ್ಲಿಷಿನ ಕೊರತೆಯೇ ಕಾರಣ ಎಂದು ಕಂಡರೆ ಮಗುವಿಗೆ ಪ್ರಾವೀಣ್ಯ ಪರೀಕ್ಷೆಯನ್ನು ಮತ್ತೆ ಕೊಟ್ಟು ನೋಡುತ್ತಾರೆ. ಅಂಕ ಹೊಸ್ತಿಲಿಗಿಂತ ಕೆಳಗಿದ್ದರೆ ಭಾಷಾ ನೆರವನ್ನು ಪುನಃ ಕೊಡಮಾಡುತ್ತಾರೆ. ಇಂಥ ಸಂದರ್ಭದಲ್ಲಿ ಮರುಸೇರ್ಪಡೆಯ ಕಾರಣವನ್ನೂ ತಂದೆತಾಯಿಯ ಒಪ್ಪಿಗೆಯನ್ನೂ ದಾಖಲಿಸಬೇಕು ಎಂದು 2015ರ ಪತ್ರ ಹೇಳಿತ್ತು.

ತಡವಾಗಿ ಹೊರಬರುವುದರಲ್ಲೂ ನಷ್ಟವಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಭಾಷಾ ಅವಧಿಗಾಗಿ ಸಂಗೀತವನ್ನೋ ಚಿತ್ರಕಲೆಯನ್ನೋ ಮೇಲಿನ ಹಂತದ ಗಣಿತವನ್ನೋ ಬಿಡಬೇಕಾಗಿ ಬರುವ ಮಕ್ಕಳಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷ ದಾಟಿದರೂ ಹೊರಬಾರದ ಹಿರಿಯ ತರಗತಿಗಳ ಮಕ್ಕಳಿಗೆ ‘ದೀರ್ಘಕಾಲದ ಇಎಲ್’ ಎಂಬ ಪ್ರತ್ಯೇಕ ಹೆಸರೇ ಇದೆ. ಹೊರಬಂದವರಲ್ಲಿ ಬಹಳ ಮಂದಿ ಎಡವುತ್ತಿದ್ದರೆ ಹೊಸ್ತಿಲು ತೀರಾ ತಗ್ಗಿದೆ ಎಂದು ಅನುಮಾನಿಸಬೇಕು. ಹೊರಬಂದವರೆಲ್ಲ ಉಳಿದ ಮಕ್ಕಳಿಗಿಂತ ಬಹಳ ಮುಂದಿದ್ದರೆ, ಹೊಸ್ತಿಲು ತೀರಾ ಎತ್ತರದಲ್ಲಿದ್ದು ಸಾಕಷ್ಟು ಮಕ್ಕಳನ್ನು ಅನಗತ್ಯವಾಗಿ ಒಳಗೇ ಇಟ್ಟುಕೊಂಡಿರಬಹುದು.

ಅಂಕಿಅಂಶಗಳ ಒಂದು ಮೋಸ

ಇಂಗ್ಲಿಷ್ ಕಲಿಕಾರ್ಥಿಗಳ ಅಂಕಗಳು ವರ್ಷ ವರ್ಷವೂ ಕೆಳಗೇ ಇವೆ ಎಂಬ ವರದಿ ಅಮೆರಿಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದುವಾಗ ಆಸ್ಪತ್ರೆಯ ವಾರ್ಡೊಂದನ್ನು ನೆನೆಸಿಕೊಳ್ಳಬೇಕು. ಗುಣವಾದವರನ್ನು ಮನೆಗೆ ಕಳುಹಿಸುತ್ತಾರೆ, ಹೊಸ ರೋಗಿಗಳು ಬಂದು ಸೇರುತ್ತಾರೆ. ಯಾವ ದಿನ ಹೋಗಿ ನೋಡಿದರೂ ಹಾಸಿಗೆಗಳ ಮೇಲೆ ರೋಗಿಗಳೇ ಇರುತ್ತಾರೆ. ಅದನ್ನೇ ನೋಡಿ ಈ ಆಸ್ಪತ್ರೆಯಲ್ಲಿ ಯಾರೂ ಗುಣವಾಗುವುದಿಲ್ಲ ಎನ್ನುವುದು ತಪ್ಪು ಲೆಕ್ಕ. ಇಎಲ್ ಪಟ್ಟಿಯಲ್ಲೂ ಇಂಗ್ಲಿಷ್ ಕಲಿತ ಕೂಡಲೇ ಮಗು ಹೊರಗೆ ಹೋಗುತ್ತದೆ, ಕಲಿಯಬೇಕಾದವರು ಮಾತ್ರ ಒಳಗೆ ಉಳಿಯುತ್ತಾರೆ. ಹಾಗಾಗಿ ಪಟ್ಟಿಯ ಸರಾಸರಿ ಸುಲಭಕ್ಕೆ ಏರುವಂತಿಲ್ಲ.

ಹೊರಬಂದ ಮಕ್ಕಳ ಅಂಕಗಳನ್ನು ನಾಲ್ಕು ವರ್ಷದವರೆಗೆ ಇಎಲ್ ಗುಂಪಿನ ಲೆಕ್ಕದಲ್ಲಿ ಸೇರಿಸಿಕೊಳ್ಳಲು ಕಾನೂನು ರಾಜ್ಯಗಳಿಗೆ ಅವಕಾಶ ಕೊಟ್ಟಿರುವುದು ಈ ಮೋಸವನ್ನು ತುಸು ಸರಿಪಡಿಸಲು. ಆದರೆ ಇದಕ್ಕೂ ಇನ್ನೊಂದು ಮಗ್ಗುಲಿದೆ. ಗುಣವಾದವರನ್ನೂ ರೋಗಿಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ವಾರ್ಡಿನ ಚಿತ್ರ ಚೆನ್ನಾಗಿ ಕಾಣುತ್ತದೆ, ಹಾಸಿಗೆಯಲ್ಲಿ ಇನ್ನೂ ನರಳುತ್ತಿರುವವರು ಅದರ ಹಿಂದೆ ಮರೆಯಾಗುತ್ತಾರೆ. ಈಗ ಕಲಿಯುತ್ತಿರುವವರು, ಹೊರಬಂದವರು, ಎಂದೂ ಪಟ್ಟಿಯಲ್ಲಿ ಇರದವರು ಎಂದು ಮೂರು ಸಾಲುಗಳನ್ನು ಬೇರೆ ಬೇರೆಯಾಗಿ ತೋರಿಸುವ ವರದಿಯೇ ಓದುಗರಿಗೆ ಹೆಚ್ಚು ತಿಳಿಸುತ್ತದೆ.

ಮನೆಯವರು ಕೇಳಬಹುದಾದದ್ದು

ಪತ್ರ ಕೈಗೆ ಬಂದಾಗ ಮೊದಲು ತಿಳಿದುಕೊಳ್ಳಬೇಕಾದದ್ದು ನಿಗಾದ ಹೊಣೆ ಯಾರದು, ಅವಧಿ ಎಷ್ಟು, ಮತ್ತು ವರ್ಷದಲ್ಲಿ ಎಷ್ಟು ಸಲ ಪರಿಶೀಲನೆ ನಡೆಯುತ್ತದೆ ಎಂಬುದನ್ನು. ತುಂಬಿದ ನಮೂನೆಯ ಪ್ರತಿಯನ್ನು ಕೇಳಿ ಪಡೆಯಬಹುದು. ಮಗುವಿನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಅಮೆರಿಕದಲ್ಲಿ ತಂದೆತಾಯಿಗೆ ಕಾನೂನಿನಿಂದಲೇ ಇದೆ. ಕುಟುಂಬ ರಾಜ್ಯ ಬದಲಿಸಿದಾಗ ಹಳೆಯ ಎಕ್ಸಿಟ್ ಪತ್ರವನ್ನು ಜೊತೆಗೆ ಒಯ್ಯುವುದು ಜಾಣತನ. ಇಲ್ಲವಾದರೆ ಹೊಸ ಶಾಲೆ ಮನೆಭಾಷೆಯ ಹಾಳೆಯಲ್ಲಿ ‘ಕನ್ನಡ’ ಎಂಬುದನ್ನು ನೋಡಿ ಪರೀಕ್ಷೆಯನ್ನು ಮೊದಲಿಂದ ಆರಂಭಿಸುವ ಸಾಧ್ಯತೆ ಇರುತ್ತದೆ.

ಈ ತಾಪತ್ರಯವೇ ಬೇಡವೆಂದು ಆ ಹಾಳೆಯಲ್ಲಿ ‘ಇಂಗ್ಲಿಷ್’ ಎಂದೇ ಬರೆದುಬಿಡುವ ಮನೆಗಳೂ ಇವೆ. ಮಗುವಿಗೆ ನಿಜವಾಗಿ ನೆರವು ಬೇಕಿಲ್ಲದಿದ್ದರೆ ಅದು ಪರೀಕ್ಷೆಯಲ್ಲೇ ತಿಳಿಯುತ್ತದೆ. ಬೇಕಿದ್ದರೆ ಆ ಒಂದು ಪದದಿಂದ ನೆರವೂ ತಪ್ಪುತ್ತದೆ, ಅದರ ನಂತರದ ನಿಗಾವೂ ತಪ್ಪುತ್ತದೆ. ನೆರವನ್ನು ಬೇಡವೆನ್ನುವ ಹಕ್ಕು ಪೋಷಕರಿಗೆ ಹೇಗೂ ಇದೆ. ಹಾಗೆ ಬೇಡವೆಂದರೂ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಮಟ್ಟ ಮುಟ್ಟುವವರೆಗೆ ವಾರ್ಷಿಕ ಪರೀಕ್ಷೆಯೂ ನಡೆಯುತ್ತದೆ.

ನಿಗಾದ ಅವಧಿ ಮುಗಿಯುವ ದಿನ ಹೆಚ್ಚಿನ ಶಾಲೆಗಳಲ್ಲಿ ಏನೂ ನಡೆಯುವುದಿಲ್ಲ. ದತ್ತಾಂಶದಲ್ಲಿ ಮಗುವಿನ ಹೆಸರಿನ ಮುಂದಿನ ಸಂಕೇತ ಬದಲಾಗುತ್ತದೆ, ಕೊನೆಯ ನಮೂನೆ ಕಡತ ಸೇರುತ್ತದೆ. ಅದನ್ನು ತಿಳಿಸುವ ಪತ್ರ ಮನೆಗೆ ಬಾರದಿದ್ದರೆ, ಆ ಕೊನೆಯ ನಮೂನೆಯಲ್ಲಿ ಶಿಕ್ಷಕರು ಏನು ಬರೆದಿದ್ದಾರೆ ಎಂದು ಶಾಲೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕಾದವರು ಮನೆಯವರೇ.